ಸಿಲಿಕೋನ್ ವ್ಯಾಕ್ಯೂಮ್ ಪೈಪ್ ಸೆಟ್: ಘಾಟಿ, ಮಳೆ ಎರಡೂ ಕಂಡ ಮೇಲೆ

ರೇಟಿಂಗ್: 5ಕ್ಕೆ 3

ಸಕಲೇಶಪುರದ ಕಡೆ ತೋಟದ ಕೆಲಸಕ್ಕೆ ಓಡುವ ಹಳೇ ಬೊಲೆರೊ ಪಿಕಪ್ ನಮ್ಮದು. ಇಂಜಿನ್ ಹೊಗೆ ಕಕ್ಕಲು ಶುರು ಮಾಡಿದ ಮೇಲೆ ಅದನ್ನು ಇಳಿಸಿ, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೇ ತಿರುಗಿಸುವ ವ್ಯವಸ್ಥೆ) ಇರುವ ಸೆಕೆಂಡ್ ಹ್ಯಾಂಡ್ ಡೀಸೆಲ್ ಇಂಜಿನ್ ಕೂರಿಸಿದೆವು. (ಹೊಸ ಇಂಜಿನ್ ನಂಬರನ್ನು ಆರ್‌ಸಿಗೆ ಹತ್ತಿಸಲು ಆರ್‌ಟಿಒಗೆ ಅಲೆದ ಕತೆ ಇಲ್ಲಿ ಬೇಡ.) ಮೌಂಟಿಂಗ್, ಗೇರ್‌ಬಾಕ್ಸ್ ಎಲ್ಲ ಸಲೀಸಾಗಿ ಹೊಂದಿಕೊಂಡವು. ತಲೆ ತಿಂದದ್ದು ಪಂಪ್ ಗಾಳಿ ಹೀರುವ ವ್ಯಾಕ್ಯೂಮ್ ಪೈಪುಗಳೇ. ಹಳೆಯದರಲ್ಲಿ ಪಂಪಿನಿಂದ ಬ್ರೇಕ್ ಬೂಸ್ಟರ್‌ಗೆ (ವ್ಯಾಕ್ಯೂಮ್ ಬಳಸಿ ಪೆಡಲ್ ಹಗುರ ಮಾಡುವ ಡಬ್ಬ) ಒಂದೇ ಲೈನ್ ಇತ್ತು. ಈಗ ಅದೇ ಲೈನಿಗೆ ಟಿ (ಮೂರು ಬಾಯಿಯ ಜೋಡಣೆ) ಹಾಕಿ ಸೊಲೆನಾಯ್ಡ್‌ಗೆ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಒಂದು, ಅಲ್ಲಿಂದ ಇಜಿಆರ್ ವಾಲ್ವ್‌ಗೆ ಇನ್ನೊಂದು ಎಳೆಯಬೇಕಾಯಿತು. ಅದಕ್ಕೆಂದೇ ಈ ಬಣ್ಣಬಣ್ಣದ ಸೆಟ್ ತರಿಸಿದ್ದು.

ಸೊಲೆನಾಯ್ಡ್‌ನಿಂದ ಇಜಿಆರ್‌ಗೆ ಹೋಗುವ 4 ಎಂಎಂ ಪೈಪ್ ಇವತ್ತಿಗೂ ಹೊಸದರಂತೆಯೇ ಇದೆ. ಎಕ್ಸಾಸ್ಟ್ ಪಕ್ಕದ ಕಾವಿಗೆ ಮಾಮೂಲಿ ರಬ್ಬರ್ ಒಣಗಿ ಸೀಳುವ ಜಾಗ ಅದು. ನೀಲಿ, ಕೆಂಪು ಅಂತ ಬೇರೆ ಬೇರೆ ಬಣ್ಣ ಹಾಕಿದ್ದರಿಂದ ಯಾವ ಮೆಕ್ಯಾನಿಕ್ ಬಾನೆಟ್ ಎತ್ತಿದರೂ ಯಾವುದು ಎಲ್ಲಿಗೆ ಅಂತ ಹುಡುಕಾಡುವುದಿಲ್ಲ.

ತಕರಾರಿರುವುದು ಪಂಪಿನ ಕಡೆಯ ತುಂಡಿನ ಬಗ್ಗೆ. ಪೆಟ್ರೋಲ್ ಇಂಜಿನ್ ಆದರೆ ಗಾಳಿ ಒಳಗೆಳೆಯುವ ಮ್ಯಾನಿಫೋಲ್ಡಿನಿಂದಲೇ ವ್ಯಾಕ್ಯೂಮ್ ಸಿಗುತ್ತದೆ. ನಮ್ಮದಕ್ಕೆ ಅಲ್ಟರ್ನೇಟರ್ ಬೆನ್ನಿಗೆ ಅಂಟಿದ ಪಂಪೇ ಗತಿ. ಆ ಪಂಪಿಗೆ ಇಂಜಿನ್ ಆಯಿಲ್ ಹರಿಯುವುದರಿಂದ ಹತ್ತಿರದ ಪೈಪಿನೊಳಗೂ ಎಣ್ಣೆಪಸೆ ಸೇರುತ್ತದೆ. ಸಿಲಿಕೋನ್‌ಗೆ ಶಾಖ ಲೆಕ್ಕಕ್ಕಿಲ್ಲ, ಆದರೆ ಎಣ್ಣೆ ಆಗಿಬರುವುದಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ತುಂಡು ಉಬ್ಬಿ, ನೆನೆದ ಹಪ್ಪಳದಂತೆ ಮೆತ್ತಗಾಗಿ, ನಿಪ್ಪಲ್ ಮೇಲೆ ಸಡಿಲವಾಯಿತು. ಅಲ್ಲಿಗೆ ಈಗ ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಪೈಪ್ ಹಾಕಿಸಿದ್ದೇವೆ.

ಸೆಟ್ಟಿನ ದಪ್ಪ ಪೈಪನ್ನು ಬೂಸ್ಟರ್‌ಗೆ ಹಾಕಲೇ ಇಲ್ಲ, ನೀವೂ ಹಾಕಬೇಡಿ. ಒಳಗೆ ನೂಲಿನ ಪದರವಿಲ್ಲ. ವ್ಯಾಕ್ಯೂಮ್ ಟೆಸ್ಟ್ ಮಾಡುವ ಕೈಪಂಪಿನಲ್ಲಿ 20 ಇಂಚು (ಪಾದರಸದ ಲೆಕ್ಕ) ಎಳೆದು ನೋಡಿದರೆ ತಿರುವಿನಲ್ಲಿ ಚಪ್ಪಟೆಯಾಗುತ್ತದೆ. ಶಿರಾಡಿ ಘಾಟಿಯಲ್ಲಿ ಲೋಡ್ ಹೊತ್ತು ಇಳಿಯುವಾಗ ಹಾಗಾದರೆ ಪೆಡಲ್ ಕಲ್ಲಾಗುತ್ತದೆ. ಅಲ್ಲಿಗೆ ಬ್ರೇಕ್ ವ್ಯಾಕ್ಯೂಮ್ ಹೋಸ್ ಅಂತಲೇ ಕೇಳಿ ತನ್ನಿ. ಒನ್‌ವೇ ವಾಲ್ವ್ ಬೂಸ್ಟರ್‌ನಿಂದ ಪಂಪಿನ ಕಡೆಗೆ ಮಾತ್ರ ಗಾಳಿ ಬಿಡುವ ಹಾಗೆ ಕೂರಲಿ. ಆಮೇಲೆ ಇಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್‌ಗೆ ವ್ಯಾಕ್ಯೂಮ್ ಬರುತ್ತಿದೆ ಅಂತ ಅರ್ಥ.

ಗೇಜ್ ಹಾಕಿ ನೋಡುವವರಿಗೆ ಒಂದು ಮಾತು. ಸಮುದ್ರಮಟ್ಟದಲ್ಲಿ ಪೂರ್ತಿ ವ್ಯಾಕ್ಯೂಮ್ ಅಂದರೆ ಸುಮಾರು 30 ಇಂಚು. ಸಾವಿರ ಅಡಿ ಏರಿದಂತೆ ಹೆಚ್ಚುಕಡಿಮೆ ಒಂದೊಂದು ಇಂಚು ಇಳಿಯುತ್ತದೆ. ಮಂಗಳೂರಿನ ಗ್ಯಾರೇಜಿನಲ್ಲಿ ಬಂದ ರೀಡಿಂಗ್ ಇಲ್ಲಿ ಬರಲಿಲ್ಲ ಅಂತ ಪಂಪ್ ಬದಲಾಯಿಸಲು ಹೊರಡಬೇಡಿ.

ಕ್ಲಿಪ್ ವಿಷಯದಲ್ಲೂ ಹುಷಾರು. ಸ್ಕ್ರೂ ಕ್ಲಿಪ್ ಬಿಗಿದರೆ ಸಿಲಿಕೋನ್ ಕೊಯ್ದುಕೊಳ್ಳುತ್ತದೆ, ಚಿಕ್ಕ ಗೀರು ಬಿದ್ದರೂ ಅಲ್ಲಿಂದಲೇ ಹರಿಯುತ್ತದೆ. ಸ್ಪ್ರಿಂಗ್ ಕ್ಲಿಪ್ ಸಾಕು. ಸೆಟ್ ಜೊತೆ ಬಂದ ಪ್ಲಾಸ್ಟಿಕ್ ಟಿ ಬಿಸಿಗೆ ಬಿರುಕು ಬಿಟ್ಟಿತು, ಹಿತ್ತಾಳೆಯದು ಹಾಕಿದ ಮೇಲೆ ತೊಂದರೆ ಕೊಟ್ಟಿಲ್ಲ.