ಅಂಗಡಿಯವರು ‘ಝೀಬ್ರಾ’ ಅಂದರೆ ಮೊದಲು ಪಟ್ಟೆ ನೋಡಿ

ಹೊಸದಾಗಿ ಮೀನು ಸಾಕಲು ಶುರು ಮಾಡಿದವರು ದಯವಿಟ್ಟು ಇದನ್ನು ಓದಿ. ಹೋದ ಬೇಸಿಗೆಯಲ್ಲಿ ನನ್ನ ಟ್ಯಾಂಕಿನ ಮೂರು ಮಾಲಿ, ಒಂದು ಏಂಜಲ್ ಸತ್ತವು. ರೋಗ ಬಂದು ಅಲ್ಲ. ಜೊತೆಗಿದ್ದ ಮೀನುಗಳೇ ಹೊಡೆದು ಸಾಯಿಸಿದವು.

ನಾವಿರುವುದು ವಿಜಯಪುರದಲ್ಲಿ. ಮಗಳ ಹಟಕ್ಕೆ 3 ಅಡಿಯ ಟ್ಯಾಂಕು ತಂದಿದ್ದೆವು. ಆರು ಮಾಲಿ, ಎರಡು ಏಂಜಲ್. ಗಲಾಟೆ ಅನ್ನುವುದೇ ಇರಲಿಲ್ಲ. ದೀಪಾವಳಿ ಮುಗಿದ ಮೇಲೆ ಅಂಗಡಿಯಲ್ಲಿ ಕಪ್ಪು ಪಟ್ಟೆಯ ಎರಡು ಪುಟ್ಟ ಮೀನು ಕಂಡವು. ಒಂದಿಂಚೂ ಇರಲಿಲ್ಲ. “ಝೀಬ್ರಾ ಅದಾವ್ರೀ ಅಕ್ಕಾರ, ಭಾಳ ಸಂಭಾವಿತ, ಎಲ್ಲಾದರ ಜೊತಿ ಇರ್ತಾವ” ಅಂದರು. ಝೀಬ್ರಾ ಮೀನು ಸಾಧು ಅಂತ ನಾನೂ ಕೇಳಿದ್ದೆ, ತಂದುಬಿಟ್ಟೆ.

ಸಾಧು ಇರುವುದು ಝೀಬ್ರಾ ಡೇನಿಯೊ. ನಮ್ಮ ದೇಶದ್ದೇ ಮೀನು, ತೆಳ್ಳಗಿರುತ್ತದೆ, ಪಟ್ಟೆಗಳು ತಲೆಯಿಂದ ಬಾಲದವರೆಗೆ ಉದ್ದಕ್ಕೆ ಓಡುತ್ತವೆ. ನನಗೆ ಕೊಟ್ಟಿದ್ದು ಕನ್ವಿಕ್ಟ್ ಸಿಕ್ಲಿಡ್, ಮಧ್ಯ ಅಮೆರಿಕದ್ದು. ಇದರ ಪಟ್ಟೆ ಬೆನ್ನಿನಿಂದ ಹೊಟ್ಟೆಗೆ ಇಳಿಯುತ್ತವೆ. ಇದನ್ನೂ ಝೀಬ್ರಾ ಅಂತಲೇ ಮಾರುತ್ತಾರೆ! ಮರಿಯಿದ್ದಾಗ ಪಾಪದ ಹಾಗೆ ಕಾಣುತ್ತದೆ, ದೊಡ್ಡದಾದರೆ ನಾಲ್ಕಿಂಚು ದಾಟುತ್ತದೆ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಮಾಲಿಗಳೆಲ್ಲ ಫಿಲ್ಟರ್ ಪೈಪಿನ ಹಿಂದೆ, ನೀರಿನ ಮೇಲ್ಭಾಗದಲ್ಲಿ ಗುಂಪಾಗಿ ನಿಂತಿದ್ದವು. ನಮ್ಮೂರ ಬಿಸಿಲು ಗೊತ್ತಲ್ವಾ? ನೀರು ಬಿಸಿಯಾಗಿ ಆಕ್ಸಿಜನ್ ಸಾಲುತ್ತಿಲ್ಲ ಅಂದುಕೊಂಡೆ. ನೀರು ಬದಲಿಸಿದೆ, ಇನ್ನೊಂದು ಏರ್ ಪಂಪ್ ಹಾಕಿದೆ. ಅದರಲ್ಲೇ ನಾಲ್ಕು ದಿನ ಹೋಯಿತು. ಏಂಜಲ್‌ನ ಹೊಟ್ಟೆಯ ಕೆಳಗಿನ ಎರಡು ಉದ್ದ ಎಳೆಗಳು ತುಂಡಾಗಿದ್ದವು. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ.

ಐದನೇ ದಿನ ಮಗಳು ಅಲಂಕಾರಕ್ಕೆ ಇಟ್ಟಿದ್ದ ಮಣ್ಣಿನ ಕುಡಿಕೆಯೊಳಗೆ ಟಾರ್ಚ್ ಬಿಟ್ಟಳು. ಒಳಗೋಡೆಗೆ ಸಾಬುದಾನಿ ಅಂಟಿಸಿದ ಹಾಗೆ ಮೊಟ್ಟೆಗಳು. ಹೊಟ್ಟೆಯ ಮೇಲೆ ಕಿತ್ತಳೆ ಬಣ್ಣವಿದ್ದ ಹೆಣ್ಣು ರೆಕ್ಕೆಯಿಂದ ಅವಕ್ಕೆ ಗಾಳಿ ಬೀಸುತ್ತಿತ್ತು. ಗಂಡು ಹೊರಗೆ ಕಾವಲು. ಒಂದು ಮಾಲಿ ಸ್ವಲ್ಪ ಕೆಳಗಿಳಿದಿದ್ದೇ ತಡ, ಕಿವಿರು ಅಗಲಿಸಿಕೊಂಡು ಬಾಣದ ಹಾಗೆ ನುಗ್ಗಿ ಅದರ ಪಕ್ಕೆಗೆ ಗುದ್ದಿತು.

ಮರಿ ಕಾಯುವುದು ಆ ಮೀನಿನ ತಪ್ಪಲ್ಲ. ಹೊಳೆಯಲ್ಲಾದರೆ ಬೇರೆ ಮೀನು ದೂರ ಓಡಿಹೋಗುತ್ತದೆ, 3 ಅಡಿಯ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಓಡಬೇಕು? ಸುಮ್ನೆ ಜಾಗಕ್ಕಾಗಿ ಕಿತ್ತಾಡುವ ಮೀನಾದರೆ ಕಲ್ಲು, ಗಿಡಗಳ ಜಾಗ ಬದಲಿಸಿದಾಗ ಎಷ್ಟೋ ಸಲ ತಣ್ಣಗಾಗುತ್ತವೆ. ಮೊಟ್ಟೆ ಇಟ್ಟ ಜೋಡಿಗೆ ಅದು ನಡೆಯುವುದಿಲ್ಲ. ಅವತ್ತೇ ಬೇರೆ ಮಾಡಬೇಕು. ಬೇರೆ ಟ್ಯಾಂಕು ಇಲ್ಲದಿದ್ದರೆ ನಡುವೆ ಪ್ಲಾಸ್ಟಿಕ್ ಜಾಲರಿಯಾದರೂ ಇಳಿಸಿ. ನಾನು ಕುಡಿಕೆಯ ಸಮೇತ ಎರಡನ್ನೂ ದೊಡ್ಡ ಟಬ್ಬಿಗೆ ಹಾಕಿದೆ. ಆದರೆ ಅಷ್ಟರಲ್ಲಿ ತಡವಾಗಿತ್ತು.

ಭೂತನಾಳ ಕೆರೆಗೆ ಬಿಟ್ಟುಬಿಡಿ ಅಂತ ಇಬ್ಬರು ಹೇಳಿದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಒಂದೇ ಸಲಕ್ಕೆ ನೂರಾರು ಮೊಟ್ಟೆ ಇಡುವ ಹೊರಗಿನ ಮೀನು ಅದು, ಕೆರೆಯ ಮೀನುಗಳ ಗತಿ ಏನಾಗಬೇಕು? ಸಿಕ್ಲಿಡ್ ಸಾಕುವ ಒಬ್ಬರು ಸಂತೋಷದಿಂದ ಒಯ್ದರು.

ಉಳಿದ ಏಂಜಲ್‌ಗೆ ಆ ಎಳೆಗಳು ಈಗ ಮತ್ತೆ ಬೆಳೆಯುತ್ತಿವೆ, ಒಂದು ಸ್ವಲ್ಪ ಸೊಟ್ಟಗೆ. ಮಾಲಿಗಳು ಕೆಳಗಿಳಿದು ಮರಳು ಕೆದಕಲು ಹದಿನೈದು ದಿನ ಹಿಡಿಯಿತು.