ಊರ ಶಾಲೆಯೋ, ವಿಶೇಷ ಶಾಲೆಯೋ?

ಬೌದ್ಧಿಕ ನ್ಯೂನತೆ ಇರುವ ಏಳು ವರ್ಷದ ಮಗಳನ್ನು ಎಲ್ಲಿ ಸೇರಿಸಲಿ ಎಂದು ಕೇಳಿದ್ದೀರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ನ್ಯೂನತೆ ಶೇ. 40 ಅಥವಾ ಜಾಸ್ತಿ ಇದ್ದರೆ, 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವುದು ಅವಳ ಹಕ್ಕು. ಆಯ್ಕೆ ನಿಮ್ಮದು.

ಕಲಿಸುವ ರೀತಿಯನ್ನೇ ಮೊದಲು ನೋಡಿ. ಸರ್ಕಾರಿ ಶಾಲೆಯ ನಲಿಕಲಿ ಎಂಬ ಚಟುವಟಿಕೆ ಆಧಾರಿತ ಪದ್ಧತಿಯಲ್ಲಿ ಮಗು ತನ್ನದೇ ವೇಗದಲ್ಲಿ ಕಲಿಕಾ ಏಣಿಯನ್ನು, ಅಂದರೆ ಪಾಠದ ಮೆಟ್ಟಿಲುಗಳನ್ನು, ಹತ್ತುತ್ತದೆ. ಇಂಥ ಮಕ್ಕಳಿಗೆ ಇದು ನಿಜಕ್ಕೂ ವರ. ಆದರೆ ಅದು ಮೂರನೇ ತರಗತಿವರೆಗೆ ಮಾತ್ರ. ನಾಲ್ಕರಲ್ಲಿ ಪಾಠದ ಓಟ ಶುರುವಾಗುತ್ತದೆ, ಮಗು ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂರುವ ಅಪಾಯ ಇದೆ. ಇಂಥ ಮಕ್ಕಳಿಗೆ ನೆರವಾಗಲು ತಾಲ್ಲೂಕಿನಲ್ಲಿರುವ ಬಿಐಇಆರ್‌ಟಿ (ಸಂಪನ್ಮೂಲ) ಶಿಕ್ಷಕರು ಶಾಲೆಗೆ ಎಷ್ಟು ಸಲ ಬರುತ್ತಾರೆ ಎಂದು ಸೇರಿಸುವ ಮೊದಲೇ ಕೇಳಿ.

ಒಳ್ಳೆಯ ವಿಶೇಷ ಶಾಲೆಯಲ್ಲಿ ತರಗತಿ ಚಿಕ್ಕದು. ಹಲ್ಲುಜ್ಜುವುದನ್ನೂ ಬ್ರಷ್ ಹಿಡಿಯುವುದು, ಪೇಸ್ಟ್ ಹಾಕುವುದು ಎಂದು ಬಿಡಿಬಿಡಿಯಾಗಿ ಕಲಿಸುತ್ತಾರೆ. ಆದರೆ ಇಂಥ ಶಾಲೆಗಳು ಬಹುಪಾಲು ಪಟ್ಟಣದಲ್ಲೇ ಇವೆ. ದಿನಾ ಬಸ್ಸು, ಬಿಡಲು ಒಬ್ಬರು ಬೇಕಲ್ವಾ?

ಮಾತು ಅರ್ಥವಾಗಿ, ಶೌಚದ ಅಭ್ಯಾಸ ಬಂದಿದ್ದರೆ ಊರ ಶಾಲೆಗೇ ಸೇರಿಸಿ, ಬೀದಿಯ ಗೆಳತಿಯರೂ ಸಿಗುತ್ತಾರೆ. ಉಣ್ಣುವುದು, ಉಡುವುದೇ ಇನ್ನೂ ಕಷ್ಟವಾದರೆ ವಿಶೇಷ ಶಾಲೆ ಮೇಲು. ಓಡಾಟವೇ ಆಗದಷ್ಟು ತೀವ್ರವಾಗಿದ್ದರೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ಗೃಹಾಧಾರಿತ ಶಿಕ್ಷಣವನ್ನು, ಅಂದರೆ ಮನೆಯಲ್ಲೇ ಕಲಿಸುವ ಸೌಲಭ್ಯವನ್ನು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ.