ಕುಂಬಳೆಯ ಮಳೆಗಾಲದಲ್ಲಿ ಮೇಜಿನ ಮಗ್ಗ

ನನ್ನ 24 ಇಂಚಿನ ಮೇಜಿನ ಮಗ್ಗದ ಮೇಲಿನ ಸಿಟ್ಟೆಲ್ಲ ಹಣಿಗೆಯ ಮೇಲೆಯೇ, ಅಂದರೆ ಎಳೆಗಳನ್ನು ಸಾಲಾಗಿ ಹಿಡಿಯುವ ಬಾಚಣಿಗೆಯಂಥ ಭಾಗದ ಮೇಲೆ. ಮಾರಿದವರು ಕೊಟ್ಟದ್ದು ಸಾದಾ ಉಕ್ಕಿನದು. ಕಾಸರಗೋಡು ಹತ್ತಿರದ ನಮ್ಮ ಕುಂಬಳೆಯಲ್ಲಿ ಕಡಲು ಹತ್ತಿರ. ಜೂನ್ ಬಂದರೆ ಡಬ್ಬಿಯೊಳಗಿನ ಉಪ್ಪೇ ನೀರಾಗುತ್ತದೆ, ಇನ್ನು ಹಣಿಗೆ ಉಳಿಯುತ್ತದಾ? ನಾಲ್ಕು ದಿನ ನೇಯದೆ ಬಿಟ್ಟರೆ ಅದು ನಿಂತ ಜಾಗದಲ್ಲಿ ಬಿಳಿ ಹಾಸಿನ (ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳ) ಮೇಲೆ ಅಡ್ಡಕ್ಕೊಂದು ಕಂದು ಗೆರೆ. ಫೋನ್ ಮಾಡಿದರೆ "ಎಣ್ಣೆ ಹಚ್ಚಿ ಮೇಡಂ" ಅಂದರು. ಆ ಎಣ್ಣೆ ನೂಲಿಗೆ ಹತ್ತಿದರೆ? ಲಿಂಬೆ, ಉಪ್ಪು ತಿಕ್ಕಿದರೆ ಕಲೆ ಹೋಗುತ್ತದೆ ನಿಜ. ಆದರೆ ಒಣಗಿಸಲು ಬಿಸಿಲು ಬೇಕಲ್ಲ. ಕೊನೆಗೆ ಸ್ಟೇನ್‌ಲೆಸ್ ಸ್ಟೀಲಿನದನ್ನು ಬೇರೆ ದುಡ್ಡು ಕೊಟ್ಟು ತರಿಸಿದೆ. ಕರಾವಳಿಯವರು ಮೊದಲೇ ಅದನ್ನೇ ಕೇಳಿ.

ಕೈಮಗ್ಗದ ಕಾಸರಗೋಡು ಸೀರೆಯ ನಾಡಲ್ಲಿದ್ದು ಈ ಪುಟ್ಟ ಮಗ್ಗ ಯಾಕೆ ಅಂತ ಕೇಳುವವರಿದ್ದಾರೆ. ಬಾಡಿಗೆ ಮನೆ, ಅದೂ ಮಹಡಿ. ನೆಲದಲ್ಲಿ ಗುಂಡಿ ತೋಡಿ ಕೂರಿಸುವ ಗುಂಡಿ ಮಗ್ಗಕ್ಕೆ ನೆಲ ಎಲ್ಲಿಂದ ತರಲಿ? ಕಾಲಲ್ಲಿ ತುಳಿಯುವ ದೊಡ್ಡ ಮಗ್ಗ ಇಟ್ಟರೆ ಮಂಚ ಹೊರಗೆ. ಇದರಲ್ಲಿ ಸೀರೆ ಆಗುವುದಿಲ್ಲ. ಟವೆಲು, ಶಾಲು ಆಗುತ್ತದೆ. ಕೆಲಸ ನಿಧಾನ: ಅಡ್ಡ ನೂಲಿನ ಲಾಳಿ ಕೆಳಗಿಡಬೇಕು, ಹಿಡಿ ಎಳೆದು ಹಾಸಿನ ಎಳೆಗಳನ್ನು ಮೇಲೆ ಕೆಳಗೆ ಮಾಡಬೇಕು, ಮತ್ತೆ ಲಾಳಿ. ಮಾರಲು ನೇಯುವವರಿಗೆ ಇದು ಬೇಡವೇ ಬೇಡ.

ನನಗೆ ಇಷ್ಟ ಎಳೆ ಪೋಣಿಸುವ ಕೆಲಸ. 40 ನಂಬರಿನ ಹಣಿಗೆ ಅಂದರೆ ಇಂಚಿಗೆ 20 ಸಂದು, ಸಂದಿಗೆ ಎರಡು ಎಳೆ. 18 ಇಂಚಿನ ಟವೆಲಿಗೆ 720 ಎಳೆ. ಒಂದೊಂದನ್ನೂ ಮೊದಲು ಎಳೆಯನ್ನು ಎತ್ತಿ ಇಳಿಸುವ ಕುಣಿಕೆಯ ಕಣ್ಣಿಗೆ, ಆಮೇಲೆ ಹಣಿಗೆಗೆ ಕೊಕ್ಕೆಯಲ್ಲಿ ಎಳೆಯಬೇಕು. ರಾತ್ರಿ ಊಟ ಮುಗಿಸಿ, ಮೊಬೈಲ್ ಒಳಗಿನ ಕೋಣೆಯಲ್ಲಿಟ್ಟು ಕೂರುತ್ತೇನೆ. ನಡುವೆ ಯಾರಾದರೂ ಮಾತಾಡಿಸಿದರೆ ಒಂದು ಎಳೆ ತಪ್ಪಿತು ಅಂತಲೇ ಲೆಕ್ಕ. ಅದು ಬಟ್ಟೆಯ ಉದ್ದಕ್ಕೂ ಕಾಣುತ್ತದೆ. ಅದಕ್ಕೇ 24 ಎಳೆ ಆದಾಗಲೊಮ್ಮೆ ಸಡಿಲ ಗಂಟು ಹಾಕಿ, ಎಣಿಸಿ, ಮುಂದೆ ಹೋಗುವುದು.

ಇನ್ನು ಮಳೆಗಾಲವನ್ನು ಪೂರ್ತಿ ಬಯ್ಯಲೂ ಆಗುವುದಿಲ್ಲ. ಹತ್ತಿ ನೂಲಿಗೆ ತೇವ ತಾಗಿದರೆ ಬಲ ಜಾಸ್ತಿ. ಸೆಕೆಗಾಲದ ಮಧ್ಯಾಹ್ನ ಫ್ಯಾನಿನ ಗಾಳಿಗೆ ಒಣಗಿ ಪಟಪಟ ಹರಿಯುವ ಅದೇ ನೂಲು ಜುಲೈಯಲ್ಲಿ ಸುಮ್ನೆ ಸಾಗುತ್ತದೆ. ಗುಂಡಿ ಮಗ್ಗದವರಿಗೆ ನೆಲದ ತೇವದಿಂದ ಸಿಗುವ ಅನುಕೂಲವೂ ಇದೇ. ಹಾಗಾಗಿ ಹಣಿಗೆ ಬದಲಾಯಿಸಿದ ಮೇಲೆ ನನ್ನ ನೇಯ್ಗೆ ಹೆಚ್ಚಾಗಿ ಮಳೆಯಲ್ಲೇ.

ಒಂದು ಮಾತು, ಪ್ರತಿ ಹಾಸಿನ ಕೊನೆಗೆ ಅರ್ಧ ಮೀಟರಿನಷ್ಟು ನೇಯಲಾಗದೆ ಉಳಿಯುತ್ತದೆ. ಎರಡು ಮೀಟರ್ ಹಾಕಿದರೂ ಅಷ್ಟೇ, ಎಂಟು ಹಾಕಿದರೂ ಅಷ್ಟೇ. ನೂಲಿನ ರೇಟು ನೋಡಿ ನಾನು ಈಗ ಎಂಟೇ ಹಾಕುತ್ತೇನೆ.